ದೀಪಾವಳಿಗೆ ಬಂದ 703 ಡಾಲರ್: ಎಸ್‌ಎಸ್‌ಐ ಪಡೆಯುವ ಮಗನ ಸಂಬಳ, ಉಡುಗೊರೆ ಮತ್ತು ಅಕ್ಟೋಬರ್ ತಿಂಗಳ ಲೆಕ್ಕ

ಟೆಕ್ಸಸ್ ರಾಜ್ಯದ ಡಲ್ಲಾಸ್ ಸುತ್ತಮುತ್ತಲಿನ ಒಂದು ಕನ್ನಡ ಕುಟುಂಬ. ಅಪ್ಪನಿಗೆ 58, ಇನ್ನೂ ಕೆಲಸದಲ್ಲಿದ್ದಾರೆ. ಮನೆ ಸಾಲ ತೀರಿದೆ. ಅಲ್ಲೇ ಹುಟ್ಟಿದ ಮಗನಿಗೆ 24 ವರ್ಷ. ಅವನಿಗೆ ಚಿಕ್ಕಂದಿನಿಂದ ಆಟಿಸಂ ಇದೆ. 18 ತುಂಬಿದ ಮೇಲೆ ಅಪ್ಪ ಅಮ್ಮನ ಆದಾಯವನ್ನು ಅವನ ಲೆಕ್ಕಕ್ಕೆ ಹಿಡಿಯುವುದು ನಿಲ್ಲುತ್ತದೆ. ಆಗಿನಿಂದ ಅವನಿಗೆ ಎಸ್‌ಎಸ್‌ಐ, ಅಂದರೆ ಆದಾಯ ಮತ್ತು ಆಸ್ತಿ ಕಡಿಮೆಯಿರುವ ಅಂಗವಿಕಲರಿಗೂ ವೃದ್ಧರಿಗೂ ಅಮೆರಿಕ ಸರ್ಕಾರ ತಿಂಗಳು ತಿಂಗಳು ಕೊಡುವ ನೆರವಿನ ಹಣ ಬರುತ್ತಿದೆ, ಅದರ ಜೊತೆಗೆ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ಕೂಡ. ಹಣ ನೋಡಿಕೊಳ್ಳುವ ಪ್ರತಿನಿಧಿ ತಾಯಿ. 2025ರ ಮಾರ್ಚ್‌ನಲ್ಲಿ ಹುಡುಗ ದಿನಸಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಅಕ್ಟೋಬರ್‌ನಲ್ಲಿ ದೀಪಾವಳಿ ಬಂತು.

ಇದು ಯಾವುದೇ ಒಂದು ಮನೆಯ ಕಡತವಲ್ಲ. ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಮಾದರಿ. ಆದರೆ ಮಿತಿಗಳು, ದರಗಳು, ದಿನಾಂಕಗಳೆಲ್ಲ ನಿಜವಾದವೇ. ಟೆಕ್ಸಸ್ ಆರಿಸಿಕೊಂಡಿದ್ದಕ್ಕೆ ಕಾರಣವಿದೆ: ಮನೆಯಲ್ಲಿರುವ ಎಸ್‌ಎಸ್‌ಐ ಫಲಾನುಭವಿಗೆ ಆ ರಾಜ್ಯ ಮೇಲ್ಪಟ್ಟು ಏನೂ ಸೇರಿಸುವುದಿಲ್ಲ, ಹಾಗಾಗಿ ಲೆಕ್ಕ ಚೊಕ್ಕಟವಾಗಿ ಕಾಣುತ್ತದೆ. ಕ್ಯಾಲಿಫೋರ್ನಿಯಾದಂಥ ಕಡೆ ರಾಜ್ಯದ ಪಾಲೂ ಸೇರುವುದರಿಂದ ಅಂಕಿಗಳು ಬೇರೆ ಬರುತ್ತವೆ.

ಮೊದಲು ಸಂಬಳದ ಲೆಕ್ಕ

ಗಂಟೆಗೆ 13 ಡಾಲರ್, ವಾರಕ್ಕೆ 12 ಗಂಟೆ, ಎರಡು ವಾರಕ್ಕೊಮ್ಮೆ ಶುಕ್ರವಾರ ಸಂಬಳ. ಒಂದು ಕಂತಿಗೆ 312, ಸಾಮಾನ್ಯ ತಿಂಗಳಿಗೆ 624 ಡಾಲರ್. 2025ರಲ್ಲಿ ಒಬ್ಬರಿಗೆ ಎಸ್‌ಎಸ್‌ಐ ಪೂರ್ತಿ ಮೊತ್ತ ತಿಂಗಳಿಗೆ 967. ಕೆಲಸಕ್ಕೆ ಸೇರಿದರೆ ಇದೆಲ್ಲ ನಿಂತೇ ಹೋಗುತ್ತದೆ ಎಂದು ಹೆದರಿ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಕೆಲಸಕ್ಕೆ ಕಳಿಸುವುದೇ ಇಲ್ಲ. ಆ ಹೆದರಿಕೆಗೆ ಆಧಾರವಿಲ್ಲ. 624ರಲ್ಲಿ ಮೊದಲು 20 ಬಿಡುತ್ತಾರೆ, ಆಮೇಲೆ 65 ಬಿಡುತ್ತಾರೆ. ಉಳಿದ 539ರಲ್ಲಿ ಅರ್ಧ ಮಾತ್ರ, ಅಂದರೆ 269.50, ಲೆಕ್ಕಕ್ಕೆ ಬರುತ್ತದೆ. 967ರಲ್ಲಿ ಅದನ್ನು ಕಳೆದರೆ 697.50. ಸಂಬಳ ಮತ್ತು ಎಸ್‌ಎಸ್‌ಐ ಎರಡೂ ಸೇರಿ 1,321.50. ಕೆಲಸವಿಲ್ಲದಾಗ ಕೈಗೆ ಬರುತ್ತಿದ್ದದ್ದು 967.

ಇಲ್ಲಿ ಒಂದು ಎಚ್ಚರಿಕೆ. ಲೆಕ್ಕಕ್ಕೆ ಹಿಡಿಯುವುದು ತೆರಿಗೆ ಕಡಿತಕ್ಕೆ ಮುಂಚಿನ ಸಂಬಳ. ಬ್ಯಾಂಕಿಗೆ ಬಂದು ಬಿದ್ದ ಮೊತ್ತವನ್ನು ವರದಿ ಮಾಡಿದರೆ ಪ್ರತಿ ತಿಂಗಳೂ ನಲವತ್ತೈವತ್ತು ಡಾಲರ್ ಕಡಿಮೆ ತೋರಿಸಿದಂತಾಗುತ್ತದೆ, ವರ್ಷದ ಕೊನೆಗೆ ಅದು ಬಾಕಿಯಾಗಿ ಎದ್ದು ನಿಲ್ಲುತ್ತದೆ. ಪೇ ಸ್ಟಬ್‌ನಲ್ಲಿ ‘ಗ್ರಾಸ್’ ಎಂದಿರುವ ಸಾಲನ್ನೇ ಬರೆಯಬೇಕು.

20 ಮತ್ತು 65ರ ಈ ರಿಯಾಯಿತಿಗಳು 1974ರಲ್ಲಿ ಯೋಜನೆ ಶುರುವಾದಾಗ ಎಷ್ಟಿದ್ದವೋ ಈಗಲೂ ಅಷ್ಟೇ. ಪೂರ್ತಿ ಮೊತ್ತ ವರ್ಷ ವರ್ಷ ಬೆಲೆಯೇರಿಕೆಗೆ ತಕ್ಕಂತೆ ಏರುತ್ತದೆ, 2026ಕ್ಕೆ 994 ಆಗಿದೆ. ರಿಯಾಯಿತಿ ಮಾತ್ರ ಐವತ್ತು ವರ್ಷ ಹಳೆಯದು. ಬರೀ ಮರೆವಿನಿಂದ ಇಷ್ಟು ವರ್ಷ ಹೀಗೆ ಉಳಿದಿದೆ ಎಂದು ನಂಬುವುದು ಕಷ್ಟ.

ಹುಡುಗನಿಗೆ 22 ತುಂಬದೆ ಇನ್ನೂ ಓದುತ್ತಿದ್ದಿದ್ದರೆ ಮಾತೇ ಬೇರೆ. ವಿದ್ಯಾರ್ಥಿಗಳಿಗೆ 2025ರಲ್ಲಿ ತಿಂಗಳಿಗೆ 2,350ರವರೆಗೆ, ವರ್ಷಕ್ಕೆ 9,460ರವರೆಗೆ ಸಂಬಳವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇವನ ವಯಸ್ಸು ಆ ಗಡಿ ದಾಟಿದೆ.

ಈ ಮನೆಯವರು ಕೈಬಿಟ್ಟ ಇನ್ನೊಂದು ರಿಯಾಯಿತಿ ಪ್ರಯಾಣದ್ದು. ಅಂಗವೈಕಲ್ಯದ ಕಾರಣ ಸಾಮಾನ್ಯ ಬಸ್ಸಿನಲ್ಲಿ ಹೋಗಲಾಗದೆ ವಿಶೇಷ ವ್ಯಾನಿಗೆ ಕೈಯಿಂದ ಕೊಟ್ಟ ಹಣವನ್ನು, ಬೇರೆ ಯಾರೂ ಅದನ್ನು ಭರಿಸದಿದ್ದರೆ, ಕೆಲಸದ ಖರ್ಚೆಂದು ಕೇಳಬಹುದು. ಅದನ್ನು 85 ಬಿಟ್ಟ ಮೇಲೆ, ಅರ್ಧ ಮಾಡುವುದಕ್ಕೆ ಮುಂಚೆ ಕಳೆಯುತ್ತಾರೆ. ತಿಂಗಳಿಗೆ 60 ಖರ್ಚಾದರೆ ಎಸ್‌ಎಸ್‌ಐನಲ್ಲಿ 30 ಹೆಚ್ಚು ಸಿಗುತ್ತದೆ. ರಸೀದಿ ಬೇಕು, ಇವರು ಇಟ್ಟಿರಲಿಲ್ಲ.

ಜುಲೈನಲ್ಲಿ ಹಣ ಕಡಿಮೆ ಬಂದದ್ದೇಕೆ

ಮೇ ತಿಂಗಳಲ್ಲಿ 2, 16 ಮತ್ತು 30ನೇ ತಾರೀಕು ಮೂರೂ ಶುಕ್ರವಾರಗಳು. ಹಾಗಾಗಿ ಮೂರು ಕಂತು, ಒಟ್ಟು 936. ಜೂನ್‌ನಲ್ಲಿ ಎಸ್‌ಎಸ್‌ಐ ಎಂದಿನಂತೆ 697.50 ಬಂತು. ಜುಲೈನಲ್ಲಿ ಮಾತ್ರ 541.50. ಎಸ್‌ಎಸ್‌ಐ ಕೊಡುವ ಸೋಷಿಯಲ್ ಸೆಕ್ಯುರಿಟಿ ಕಚೇರಿಯವರು ತಪ್ಪು ಮಾಡಿದ್ದಾರೆ ಎಂದು ಮನೆಯವರಿಗೆ ಅನ್ನಿಸಿತು. ತಪ್ಪಾಗಿರಲಿಲ್ಲ. ಒಂದು ತಿಂಗಳ ಆದಾಯ ಎರಡು ತಿಂಗಳ ನಂತರದ ಹಣವನ್ನು ನಿರ್ಧರಿಸುತ್ತದೆ. ಮೇ ಲೆಕ್ಕ ಜುಲೈಗೆ: 936ರಲ್ಲಿ 85 ಕಳೆದರೆ 851, ಅದರ ಅರ್ಧ 425.50.

ಆದರೆ ಹಣ ಎಷ್ಟು ಎನ್ನುವುದಕ್ಕೆ ಮಾತ್ರ ಎರಡು ತಿಂಗಳ ಹಿಂದಿನ ಲೆಕ್ಕ. ಆ ತಿಂಗಳು ಅರ್ಹತೆ ಇದೆಯೋ ಇಲ್ಲವೋ ಎನ್ನುವುದಕ್ಕೆ ಅದೇ ತಿಂಗಳ ಆದಾಯವನ್ನು ನೋಡುತ್ತಾರೆ. ಈ ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡರೆ ಮಾತ್ರ ಅಕ್ಟೋಬರ್‌ನಲ್ಲಿ ನಡೆದದ್ದು ಅರ್ಥವಾಗುತ್ತದೆ.

ಅಕ್ಟೋಬರ್

ಅಕ್ಟೋಬರ್‌ನಲ್ಲೂ 3, 17, 31 ಎಂದು ಮೂರು ಸಂಬಳದ ಶುಕ್ರವಾರಗಳು. ಹಬ್ಬಕ್ಕೆ ಮೈಸೂರಿನ ಸೋದರಮಾವ ಹುಡುಗನ ಖಾತೆಗೆ 501 ಡಾಲರ್ ಕಳಿಸಿದರು. ಊರಿನ ಎರಡು ಪರಿಚಯದ ಮನೆಯವರು ಕವರಿನಲ್ಲಿ ತಲಾ 101 ಇಟ್ಟು ಕೊಟ್ಟರು. ಒಟ್ಟು 703.

ಉಡುಗೊರೆಯ ನಗದು ‘ಗಳಿಸದ ಆದಾಯ’. ಇದಕ್ಕೆ ಸಂಬಳಕ್ಕಿರುವ ಅರ್ಧದ ರಿಯಾಯಿತಿ ಇಲ್ಲ. ಅಪರೂಪಕ್ಕೆ ಬರುವ ಹಣವೆಂದು ಮೂರು ತಿಂಗಳ ಒಂದು ತ್ರೈಮಾಸಿಕಕ್ಕೆ ಒಟ್ಟು 60 ಬಿಡುತ್ತಾರೆ, ಎಷ್ಟು ಜನ ಕೊಟ್ಟರೂ ಅಷ್ಟೇ. 703ರಲ್ಲಿ 60 ಹೋಗಿ 643. ಮೊದಲು ಹೇಳಿದ 20ರ ರಿಯಾಯಿತಿಯೂ ಈಗ ಇಲ್ಲೇ ಖರ್ಚಾಗುತ್ತದೆ, ಏಕೆಂದರೆ ಅದನ್ನು ಮೊದಲು ಗಳಿಸದ ಆದಾಯಕ್ಕೆ ಹಚ್ಚುತ್ತಾರೆ. ಉಳಿದದ್ದು 623, ಡಾಲರಿಗೆ ಡಾಲರ್ ಲೆಕ್ಕಕ್ಕೆ. ಸಂಬಳದ ಕಡೆ 936ರಲ್ಲಿ 65 ಮಾತ್ರ ಹೋಗಿ 871, ಅರ್ಧ 435.50. ಎರಡೂ ಕೂಡಿದರೆ 1,058.50. ಅದು 967 ದಾಟಿತು. ಹಾಗಾಗಿ ಅಕ್ಟೋಬರ್‌ಗೆ ಅರ್ಹತೆಯೇ ಇಲ್ಲ, ಆ ತಿಂಗಳ ಮೊದಲ ದಿನ ಬಂದಿದ್ದ 697.50 ಪೂರ್ತಿ ಹೆಚ್ಚುವರಿ ಪಾವತಿ, ಅಂದರೆ ವಾಪಸ್ ಕೊಡಬೇಕಾದ ಹಣ.

ಸಂಬಳದ ಮೂರು ಕಂತು ಮಾತ್ರ ಬಂದಿದ್ದರೆ ಅರ್ಹತೆ ಹೋಗುತ್ತಿರಲಿಲ್ಲ. ಸಂಬಳವೊಂದೇ ಆದಾಯವಾದರೆ ಎಸ್‌ಎಸ್‌ಐ ಸೊನ್ನೆಯಾಗಲು ತಿಂಗಳಿಗೆ 2,019 ಡಾಲರ್ ಗಳಿಸಬೇಕು. ಉಡುಗೊರೆಯೊಂದೇ ಬಂದಿದ್ದರೂ ಹಣ ಕಡಿಮೆಯಾಗುತ್ತಿತ್ತು, ಅರ್ಹತೆ ಉಳಿಯುತ್ತಿತ್ತು. ಮೂರು ಕಂತಿನ ತಿಂಗಳಲ್ಲೇ ಹಬ್ಬ ಬಿದ್ದದ್ದು ಪೆಟ್ಟು ಕೊಟ್ಟಿತು.

ಮೆಡಿಕೇಡ್ ಹೋಗಲಿಲ್ಲ, ಅದೊಂದು ಸಮಾಧಾನ. ಸಂಬಳದ ಕಾರಣಕ್ಕೆ ಎಸ್‌ಎಸ್‌ಐ ನಿಂತರೂ ಮೆಡಿಕೇಡ್ ಉಳಿಸುವ ಕಲಮು 1619(ಬಿ). ಸಂಬಳವನ್ನು ಪಕ್ಕಕ್ಕಿಟ್ಟು ನೋಡಿದರೆ 623 ಡಾಲರ್ ಗಳಿಸದ ಆದಾಯ 967ಕ್ಕಿಂತ ಕಡಿಮೆ, ಹಾಗಾಗಿ ಆ ರಕ್ಷಣೆ ಅನ್ವಯಿಸುತ್ತದೆ. ಉಡುಗೊರೆಯೇ 1,047 ಮುಟ್ಟಿದ್ದರೆ ಈ ಕಲಮು ನೆರವಿಗೆ ಬರುತ್ತಿರಲಿಲ್ಲ.

ನವೆಂಬರ್ 1ರ ಬೆಳಗಿನ ಬ್ಯಾಂಕ್ ಬಾಕಿ

ಬಂದ ತಿಂಗಳು ಆದಾಯ, ಮರುತಿಂಗಳ ಒಂದನೇ ತಾರೀಕಿಗೆ ಉಳಿದದ್ದು ಆಸ್ತಿ. ಒಬ್ಬರಿಗೆ ಆಸ್ತಿಯ ಮಿತಿ 2,000 ಡಾಲರ್. 1989ರಿಂದ ಅದೂ ಕದಲಿಲ್ಲ. ಅವನು ವಾಸಿಸುವ ಸ್ವಂತ ಮನೆ, ಒಂದು ಕಾರು, ಬಟ್ಟೆಬರೆ, ಮನೆ ಸಾಮಾನು ಇದರಲ್ಲಿ ಬರುವುದಿಲ್ಲ. ಬ್ಯಾಂಕಿನ ಹಣ ಬರುತ್ತದೆ.

ಹುಡುಗನಿಗೆ ಎರಡು ಖಾತೆ. ಎಸ್‌ಎಸ್‌ಐ ಬಂದು ಬೀಳುವ ಪ್ರತಿನಿಧಿ ಖಾತೆ ಒಂದು, ಸಂಬಳಕ್ಕೆಂದು ತಾಯಿಯ ಜೊತೆ ಜಂಟಿಯಾಗಿ ತೆರೆದದ್ದು ಇನ್ನೊಂದು. ಜಂಟಿ ಖಾತೆಯ ಹಣವೆಲ್ಲ ಫಲಾನುಭವಿಯದೇ ಎಂದು ಕಚೇರಿ ಎಣಿಸುತ್ತದೆ. ಅಲ್ಲ ಎನ್ನುವವರು ದಾಖಲೆ ಕೊಟ್ಟು ತೋರಿಸಬೇಕು. ತಾಯಿ ಮನೆಖರ್ಚಿನ ದುಡ್ಡನ್ನು ಅದರಲ್ಲಿ ಬೆರೆಸಿರಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು.

ನವೆಂಬರ್ 1ರಂದು ಪ್ರತಿನಿಧಿ ಖಾತೆಯಲ್ಲಿ 911.50, ಜಂಟಿ ಖಾತೆಯಲ್ಲಿ 1,622.50 ಇತ್ತು. ಕೂಡಿದರೆ 2,534. 2026ರ ಜನವರಿಯಲ್ಲಿ ಅರ್ಹತೆಯ ಮರುಪರಿಶೀಲನೆಗೆ ಕರೆ ಬಂತು. ಬ್ಯಾಂಕುಗಳಿಂದ ನೇರವಾಗಿ ಮಾಹಿತಿ ತರಿಸಿಕೊಳ್ಳುವ ವ್ಯವಸ್ಥೆ ಕಚೇರಿಗಿದೆ, ಹಾಗಾಗಿ ಮಾವನ 501 ಕೂಡ ಕಂಡಿತು, 2,534 ಕೂಡ ಕಂಡಿತು. ನೋಟಿಸಿನಲ್ಲಿ ಅಕ್ಟೋಬರ್ ಮತ್ತು ನವೆಂಬರ್ ಎರಡಕ್ಕೂ ಅರ್ಹತೆ ಇಲ್ಲ ಎಂದಿತ್ತು. 697.50ರಂತೆ ಎರಡು ತಿಂಗಳಿಗೆ 1,395. ಅದರಲ್ಲಿ ಡಿಸೆಂಬರ್‌ಗೆ ಕಡಿಮೆ ಕೊಟ್ಟಿದ್ದ 156 ವಜಾ ಮಾಡಿ, ವಾಪಸ್ ಕೊಡಬೇಕಾದದ್ದು 1,239.

ಈ 156 ಎಲ್ಲಿಂದ ಬಂತು? ಅರ್ಹತೆ ಒಂದು ತಿಂಗಳು ತಪ್ಪಿ ಮತ್ತೆ ಬಂದರೆ ಎರಡು ತಿಂಗಳ ಹಿಂದಿನ ಆದಾಯ ನೋಡುವ ಪದ್ಧತಿ ಹೊಸದಾಗಿ ಶುರುವಾಗುತ್ತದೆ. ಮರಳಿ ಬಂದ ಮೊದಲ ತಿಂಗಳಿಗೆ ಅದೇ ತಿಂಗಳ ಆದಾಯ, ಮುಂದಿನ ಎರಡು ತಿಂಗಳಿಗೂ ಆ ಮೊದಲ ತಿಂಗಳದ್ದೇ. ಅಕ್ಟೋಬರ್‌ನ ಮೂರು ಕಂತನ್ನು ಆಧರಿಸಿ ಡಿಸೆಂಬರ್‌ಗೆ 541.50 ಕೊಟ್ಟಿದ್ದರು. ಅಕ್ಟೋಬರ್ ಈಗ ಲೆಕ್ಕದಿಂದ ಹೊರಗೆ, ಹಾಗಾಗಿ ಡಿಸೆಂಬರ್‌ಗೆ 697.50 ಸಲ್ಲಬೇಕು. ವ್ಯತ್ಯಾಸ 156. ನೋಟಿಸಿನ ಕೋಷ್ಟಕದಲ್ಲಿ ಇಂಥ ಸಾಲು ಇದೆಯೇ ಎಂದು ಹುಡುಕಿ ನೋಡಬೇಕು, ಇಲ್ಲದಿದ್ದರೆ ಕೇಳಬೇಕು.

ನವೆಂಬರ್‌ನ ತೀರ್ಮಾನದಲ್ಲಿ ಮಾತ್ರ ನಿಜವಾದ ದೋಷವಿತ್ತು. ಎಸ್‌ಎಸ್‌ಐ ತಿಂಗಳ ಒಂದನೇ ತಾರೀಕು ಬರುತ್ತದೆ. 2025ರ ನವೆಂಬರ್ 1 ಶನಿವಾರ. ಶನಿವಾರ, ಭಾನುವಾರ ಅಥವಾ ರಜೆ ಬಿದ್ದರೆ ಹಿಂದಿನ ಕೆಲಸದ ದಿನವೇ ಹಣ ಬರುತ್ತದೆ. ಹಾಗಾಗಿ ನವೆಂಬರ್‌ನ 697.50 ಅಕ್ಟೋಬರ್ 31ರ ಶುಕ್ರವಾರವೇ ಖಾತೆಗೆ ಬಂದಿತ್ತು, ಅಂಗಡಿಯ ಮೂರನೇ ಕಂತಿನ ಜೊತೆಜೊತೆಗೆ. ಹೀಗೆ ಮುಂಚಿತವಾಗಿ ಬಂದ ಎಸ್‌ಎಸ್‌ಐ ಯಾವ ತಿಂಗಳದ್ದೋ ಆ ತಿಂಗಳ ಹಣ. ನವೆಂಬರ್ 1ರ ಆಸ್ತಿಯಲ್ಲಿ ಅದನ್ನು ಸೇರಿಸುವಂತಿಲ್ಲ. 2,534ರಲ್ಲಿ 697.50 ಕಳೆದರೆ 1,836.50. ಮಿತಿಯ ಒಳಗೇ ಇದೆ. ಅಂಗಡಿಯ ಸಂಬಳಕ್ಕೆ ಈ ಅನುಕೂಲವಿಲ್ಲ: 31ರಂದು ಬಂದ ಕಂತು ಅಕ್ಟೋಬರ್‌ನ ಆದಾಯ, 1ರಂದು ಉಳಿದಿದ್ದರೆ ಆಸ್ತಿ.

ಮನೆಯವರು ಎಸ್‌ಎಸ್‌ಎ-561 ನಮೂನೆ ತುಂಬಿ ಮರುಪರಿಶೀಲನೆ ಕೇಳಿದರು. ನೋಟಿಸು ಕೈಸೇರಿ 60 ದಿನದೊಳಗೆ ಕೊಡಬಹುದು, ಆದರೆ 30 ದಿನದೊಳಗೆ ಕೊಟ್ಟರೆ ತೀರ್ಮಾನವಾಗುವ ತನಕ ವಸೂಲಿ ಶುರು ಮಾಡುವುದಿಲ್ಲ. ಜೊತೆಗಿಟ್ಟದ್ದು ಎರಡೇ ಕಾಗದ: ಎರಡೂ ಖಾತೆಗಳ ಅಕ್ಟೋಬರ್ 25ರಿಂದ ನವೆಂಬರ್ 5ರವರೆಗಿನ ವಿವರ, 31ರ ಎಸ್‌ಎಸ್‌ಐ ಜಮೆಗೆ ಹಳದಿ ಗುರುತು. ಉದ್ದುದ್ದ ಪತ್ರ ಬರೆಯಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ನವೆಂಬರ್ ಬಿಟ್ಟುಹೋಯಿತು. ಉಳಿದದ್ದು ಅಕ್ಟೋಬರ್‌ನ 697.50, ಅದರಲ್ಲಿ 156 ವಜಾ, ನಿಜವಾದ ಬಾಕಿ 541.50.

ಆ 541.50ಕ್ಕೆ ಮನ್ನಾ ಕೇಳಬಹುದಿತ್ತು, ಅದಕ್ಕೆ ಎಸ್‌ಎಸ್‌ಎ-632. ಆದರೆ ಮನ್ನಾ ಸಿಗಬೇಕಾದರೆ ತಪ್ಪು ನಮ್ಮದಲ್ಲ ಎಂದು ತೋರಿಸಬೇಕು. ತಾಯಿ ತಿಂಗಳು ತಿಂಗಳು ಆ್ಯಪ್‌ನಲ್ಲಿ ಸಂಬಳವನ್ನು ವರದಿ ಮಾಡುತ್ತಿದ್ದರು, ಉಡುಗೊರೆಯನ್ನು ಹೇಳಿರಲಿಲ್ಲ. ಬದಲಾವಣೆ ಏನಿದ್ದರೂ ಮುಂದಿನ ತಿಂಗಳ 10ನೇ ತಾರೀಕಿನೊಳಗೆ ತಿಳಿಸುವುದು ಪ್ರತಿನಿಧಿಯ ಕರ್ತವ್ಯ. ಹೇಳದಿದ್ದರೆ ಮೊದಲ ಸಲ 25 ಡಾಲರ್ ದಂಡವನ್ನೂ ಹಾಕಬಹುದು. ಇಂಥ ಸ್ಥಿತಿಯಲ್ಲಿ ಮನ್ನಾ ಅರ್ಜಿ ಗೆಲ್ಲುವುದು ಕಷ್ಟ, ಕಂತಿಗೆ ಒಪ್ಪುವುದೇ ಮೇಲು. ಎಸ್‌ಎಸ್‌ಐನಲ್ಲಿ ತಿಂಗಳ ಕಡಿತಕ್ಕೆ ಮಿತಿ ಇದೆ: ಲೆಕ್ಕಕ್ಕೆ ಬಂದ ಆದಾಯ ಮತ್ತು ಎಸ್‌ಎಸ್‌ಐ ಸೇರಿದ ಮೊತ್ತದ ಶೇ 10. 2026ರಲ್ಲಿ ಅದು 994ರ ಶೇ 10, ಅಂದರೆ 99.40. ಐದು ತಿಂಗಳಿಗೆ 497, ಆರನೇ ತಿಂಗಳು 44.50, ಅಲ್ಲಿಗೆ ತೀರಿತು. ಅಷ್ಟೂ ಕಷ್ಟವಾಗುವವರು ಎಸ್‌ಎಸ್‌ಎ-634 ಕೊಟ್ಟು ಇನ್ನೂ ಕಡಿಮೆ ಮಾಡಿಸಿಕೊಳ್ಳಬಹುದು.

ಹಣ ಬರಬೇಕಾಗಿದ್ದ ದಾರಿ

ಮಾವ 501ರ ಬದಲು 5,001 ಕಳಿಸಿದ್ದರೂ ಏನೂ ಆಗುತ್ತಿರಲಿಲ್ಲ, ದಾರಿ ಬೇರೆಯಾಗಿದ್ದರೆ. 2014ರ ಕಾಯಿದೆಯಿಂದ ಬಂದ, ಅಂಗವಿಕಲರ ಉಳಿತಾಯಕ್ಕೆಂದೇ ಮಾಡಿದ ಏಬಲ್ ಖಾತೆ ಇರುವುದೇ ಇದಕ್ಕೆ. ಬೇರೆಯವರು ನೇರವಾಗಿ ಆ ಖಾತೆಗೆ ಹಾಕಿದ ಹಣ ಫಲಾನುಭವಿಯ ಆದಾಯವಲ್ಲ. ಅದರಲ್ಲಿ 1,00,000 ಡಾಲರ್‌ವರೆಗೆ ಇದ್ದರೂ ಎಸ್‌ಎಸ್‌ಐ ಪಾಲಿಗೆ ಆಸ್ತಿಯಲ್ಲ. 2025ರಲ್ಲಿ ವರ್ಷಕ್ಕೆ 19,000ವರೆಗೆ ಹಾಕಬಹುದಿತ್ತು. ಅಂಗವೈಕಲ್ಯ 26 ವರ್ಷಕ್ಕೆ ಮುಂಚೆ ಶುರುವಾದವರಿಗೆ ಮಾತ್ರ ಈ ಖಾತೆ ಎಂಬ ನಿಯಮ 2026ರ ಜನವರಿಯಿಂದ 46ಕ್ಕೆ ಏರಿದೆ.

ಈ ಮನೆಯವರೂ ನವೆಂಬರ್‌ನಲ್ಲಿ ಏಬಲ್ ಖಾತೆ ತೆರೆದು 703ನ್ನು ಅದಕ್ಕೆ ವರ್ಗಾಯಿಸಿದರು, ಅಲ್ಲಿಗೆ ಸರಿಹೋಯಿತು ಎಂದುಕೊಂಡರು. ಡಿಸೆಂಬರ್ 1ರ ಆಸ್ತಿ ಲೆಕ್ಕ ಅದರಿಂದ ಹಗುರವಾಯಿತು, ನಿಜ. ಆದರೆ ಅಕ್ಟೋಬರ್‌ನಲ್ಲಿ ಹುಡುಗನ ಕೈಗೆ ಬಂದ ಹಣ ಅಕ್ಟೋಬರ್‌ನ ಆದಾಯವೇ. ಸಂಬಳಕ್ಕೂ ಇದೇ ಮಾತು. ಅದನ್ನು ಏಬಲ್‌ಗೆ ಹಾಕಿ ಆಸ್ತಿಯಿಂದ ತಪ್ಪಿಸಿಕೊಳ್ಳಬಹುದು, ಆದಾಯದಿಂದ ಅಲ್ಲ.

ಮೈಸೂರಿನಿಂದ ಕಳಿಸುವವರಿಗೆ ಸುಲಭದ ದಾರಿ ತಂಗಿಯ ಖಾತೆ. “ಅಣ್ಣಾ, ಅವನ ಹೆಸರಿಗೆ ಹಾಕ್ಬೇಡ, ನನಗೇ ಅಂತ ನನ್ನ ಖಾತೆಗೆ ಹಾಕು” ಎಂದು ಹಬ್ಬಕ್ಕೆ ಮೊದಲೇ ಫೋನಿನಲ್ಲಿ ಹೇಳಿಬಿಟ್ಟರೆ ಸಾಕು. ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯ ಅಡಿ ಒಬ್ಬರು ಆರ್ಥಿಕ ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು, ಹಾಗಾಗಿ ಆ ಕಡೆ ಮಿತಿಯ ಚಿಂತೆಯಿಲ್ಲ. ತಾಯಿ ತನ್ನ ಹಣದಿಂದ ಏಬಲ್‌ಗೆ ಹಾಕುತ್ತಾಳೆ. ಊರಿನ ಸ್ನೇಹಿತರಿಗೆ ಏಬಲ್ ಖಾತೆಯ ಉಡುಗೊರೆ ಲಿಂಕ್ ಕಳಿಸಿದರಾಯಿತು. ಕವರ್ ಕೊಟ್ಟೇ ತೀರುತ್ತೇನೆ ಎನ್ನುವ ಹಿರಿಯರ ಕವರನ್ನು ಅಮ್ಮನ ಹೆಸರಿಗೆ ಬರೆಸಬೇಕು. ಏಬಲ್ ಒಂದು ಸಾಲವನ್ನೂ ಹೊತ್ತು ತರುತ್ತದೆ: ಖಾತೆದಾರ ತೀರಿಕೊಂಡ ಮೇಲೆ ಉಳಿದ ಹಣದಿಂದ ಮೆಡಿಕೇಡ್ ವೆಚ್ಚವನ್ನು ರಾಜ್ಯ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ದೊಡ್ಡ ಮೊತ್ತ ಇಡುವವರು ವಕೀಲರ ಹತ್ತಿರ ವಿಶೇಷ ಟ್ರಸ್ಟ್ ಮಾತಾಡುವುದು ಇದೇ ಕಾರಣಕ್ಕೆ.

ವಸ್ತುವಾಗಿ ಕೊಟ್ಟರೆ ಅಷ್ಟೊಂದು ಯೋಚನೆಯಿಲ್ಲ. ಬಟ್ಟೆ, ಹೆಡ್‌ಫೋನ್, ಲ್ಯಾಪ್‌ಟಾಪ್ ಯಾವುದೂ ಎಣಿಕೆಗೆ ಬರುವುದಿಲ್ಲ. ಫೋನ್ ಬಿಲ್ಲನ್ನು ಬೇರೆಯವರು ನೇರವಾಗಿ ಕಂಪನಿಗೆ ಕಟ್ಟಿದರೂ ಆದಾಯವಲ್ಲ. ಊಟ, ದಿನಸಿ ಮೊದಲು ಲೆಕ್ಕಕ್ಕೆ ಬರುತ್ತಿತ್ತು, 2024ರ ಸೆಪ್ಟೆಂಬರ್ 30ರಿಂದ ಅದನ್ನು ಕೈಬಿಟ್ಟಿದ್ದಾರೆ. ಅತ್ತೆ ಡಬ್ಬಿಗಟ್ಟಲೆ ಹೋಳಿಗೆ ಕಳಿಸಿದರೆ ಯಾರಿಗೂ ಹೇಳಬೇಕಿಲ್ಲ. ಚಿನ್ನದ ವಿಷಯ ಮಾತ್ರ ನಾಜೂಕು. ಮೈಮೇಲೆ ಹಾಕುವ ಉಂಗುರ, ಸರ ಸ್ವಂತ ಬಳಕೆಯ ವಸ್ತು. ಹಬ್ಬಕ್ಕೆ ಕೊಟ್ಟು ಲಾಕರ್ ಸೇರುವ ಚಿನ್ನದ ನಾಣ್ಯ ಹೂಡಿಕೆ, ಅದರ ಬೆಲೆ 2,000ದ ಒಳಗೆ ಸೇರುತ್ತದೆ. ಅಜ್ಜ ಮೊಮ್ಮಗನ ಹೆಸರಿನಲ್ಲಿ ಮೈಸೂರಿನ ಬ್ಯಾಂಕಿನಲ್ಲಿಟ್ಟ ಎಫ್‌ಡಿ, ಅವನ ಹೆಸರಿಗೆ ಬರೆದಿಟ್ಟ ಸೈಟು ಕೂಡ ಮಾರಿ ಹಣ ಮಾಡಿಕೊಳ್ಳಲು ಬರುವಂತಿದ್ದರೆ ಆಸ್ತಿಯೇ, ಸಮುದ್ರದಾಚೆ ಇದೆ ಎಂಬ ರಿಯಾಯಿತಿ ಇಲ್ಲ.

ಮನೆಖರ್ಚಿನ ಪಾಲು

ಅಪ್ಪ ಅಮ್ಮನ ಮನೆಯಲ್ಲಿ ಬಿಟ್ಟಿಯಾಗಿ ಇದ್ದರೆ ಅದೂ ಉಡುಗೊರೆಯೇ. ಪೂರ್ತಿ ಮೊತ್ತದ ಮೂರನೇ ಒಂದು ಭಾಗದವರೆಗೂ ಕಡಿತವಾಗಬಹುದು. ತಪ್ಪಿಸುವ ದಾರಿ, ವಾಸದ ಖರ್ಚಿನಲ್ಲಿ ತನ್ನ ಪಾಲನ್ನು ಕೊಡುವುದು. ಈ ಮನೆಯ ತಿಂಗಳ ಸರಾಸರಿ: ಆಸ್ತಿ ತೆರಿಗೆ 640, ಕರೆಂಟು 190, ಗ್ಯಾಸ್ 45, ನೀರು, ಚರಂಡಿ ಮತ್ತು ಕಸಕ್ಕೆ 95. ಒಟ್ಟು 970, ಮೂರು ಜನಕ್ಕೆ ತಲಾ 323.33. ಹುಡುಗ ತಿಂಗಳಿಗೆ 325 ಕೊಡುತ್ತಾನೆ, ಕಡಿತ ಸೊನ್ನೆ. ಇಂಟರ್ನೆಟ್, ಫೋನ್ ಇದರಲ್ಲಿ ಸೇರುವುದಿಲ್ಲ. ಮನೆ ವಿಮೆಯನ್ನು ಸಾಲ ಕೊಟ್ಟ ಬ್ಯಾಂಕ್ ಕಡ್ಡಾಯ ಮಾಡಿದ್ದರೆ ಮಾತ್ರ ಸೇರಿಸುತ್ತಾರೆ; ಇಲ್ಲಿ ಸಾಲ ತೀರಿದ್ದರಿಂದ ಬಿಟ್ಟಿದ್ದಾರೆ. ಈ 325ನ್ನು ಕೈಯಲ್ಲಿ ಕೊಡದೆ ಪ್ರತಿ ತಿಂಗಳು ಅವನ ಖಾತೆಯಿಂದ ಅಪ್ಪನ ಖಾತೆಗೆ ವರ್ಗಾಯಿಸಿದರೆ ಪುರಾವೆ ತಾನಾಗಿ ಉಳಿಯುತ್ತದೆ. ವಾಸದ ಖರ್ಚಿಗೆಂದು ಏಬಲ್‌ನಿಂದ ತೆಗೆದ ಹಣವನ್ನು ಅದೇ ತಿಂಗಳು ಕೊಟ್ಟು ಮುಗಿಸಬೇಕು, ಮರುತಿಂಗಳಿಗೆ ಉಳಿದರೆ ಅದು ಆಸ್ತಿ.

ಊರಿಗೆ ಹೋಗುವ ಮಾತು ಬಂದರೆ: 30 ದಿನ ಬಿಡದೆ ಅಮೆರಿಕದ ಹೊರಗಿದ್ದರೆ ಎಸ್‌ಎಸ್‌ಐ ನಿಲ್ಲುತ್ತದೆ, ಮತ್ತೆ ಶುರುವಾಗಲು ಮರಳಿ ಬಂದು 30 ದಿನ ಅಲ್ಲೇ ಇರಬೇಕು. ಮೂರು ವಾರದಲ್ಲಿ ಮುಗಿಸಿ ಬರುವಂತೆ ಟಿಕೆಟ್ ಮಾಡಿಸುವುದು ಲೇಸು.

ಮುಂದೆ ಬರುವ ತಿರುವು

ಅಪ್ಪ ಸೋಷಿಯಲ್ ಸೆಕ್ಯುರಿಟಿಯ ನಿವೃತ್ತಿ ಪಿಂಚಣಿ ಶುರು ಮಾಡಿದ ದಿನ ಇಡೀ ಲೆಕ್ಕ ಬದಲಾಗುತ್ತದೆ. 22 ವರ್ಷಕ್ಕೆ ಮುಂಚೆ ಅಂಗವೈಕಲ್ಯ ಬಂದ ಮಗನಿಗೆ ಅಪ್ಪನ ದಾಖಲೆಯ ಮೇಲೆ, ಅವರ ಪೂರ್ಣ ಮೊತ್ತದ ಅರ್ಧದವರೆಗೆ ಬೇರೆಯೇ ಭತ್ಯೆ ಬರುತ್ತದೆ. ಅದಕ್ಕೆ ಉಡುಗೊರೆಯ ಲೆಕ್ಕವಿಲ್ಲ, 2,000ದ ಮಿತಿಯಿಲ್ಲ. ಸಂಬಳಕ್ಕೆ ಮಾತ್ರ ಕಟ್ಟುನಿಟ್ಟು: 2026ರಲ್ಲಿ ದೃಷ್ಟಿದೋಷವಿಲ್ಲದವರಿಗೆ ತಿಂಗಳಿಗೆ 1,690ರ ಗೆರೆ. ಇವನ 624 ಅದಕ್ಕಿಂತ ಬಹಳ ಕೆಳಗಿದೆ, ಗಂಟೆ ಹೆಚ್ಚಿಸುವಾಗ ಆ ಗೆರೆಯನ್ನು ನೆನಪಿಡಬೇಕು.

ಆ ಭತ್ಯೆ ದೊಡ್ಡದಾದರೆ ಎಸ್‌ಎಸ್‌ಐ ನಿಲ್ಲುತ್ತದೆ. ಹಾಗೆ ಈ ಭತ್ಯೆಯ ಕಾರಣಕ್ಕೇ ಎಸ್‌ಎಸ್‌ಐ ಕಳೆದುಕೊಂಡವನಿಗೆ, ಎಸ್‌ಎಸ್‌ಐ ಇನ್ನೂ ಇದೆ ಎಂದೇ ಭಾವಿಸಿ ಮೆಡಿಕೇಡ್ ಮುಂದುವರಿಸುವ ನಿಯಮವಿದೆ. ಅದಕ್ಕಿಂತ ಮೊದಲೇ ಬ್ಯಾಂಕ್ ಬಾಕಿ 2,000 ದಾಟಿ ಎಸ್‌ಎಸ್‌ಐ ನಿಂತುಹೋಗಿದ್ದರೆ ಆ ರಕ್ಷಣೆಗೆ ಜಾಗವಿರುವುದಿಲ್ಲ. ಅಪ್ಪ ಪಿಂಚಣಿಗೆ ಅರ್ಜಿ ಹಾಕುವ ವರ್ಷ ಹುಡುಗನ ಎರಡೂ ಖಾತೆಗಳನ್ನು ಪ್ರತಿ ತಿಂಗಳ ಕೊನೆಯ ದಿನ ನೋಡಿ, 1,500 ಮೀರಿದ್ದನ್ನು ಏಬಲ್‌ಗೆ ಸಾಗಿಸಬೇಕು.